ವರ್ನಾಳ ಲಿಪಿ

ಸಾವಿನ ಊಟಕ್ಕೆ ಏನು ಒಯ್ಯಬೇಕೆಂಬುದು ಪಶ್ಚಿಮ ವರ್ಜೀನಿಯಾದ ಆ ಕಲ್ಲಿದ್ದಲ ಕಣಿವೆಯಲ್ಲಿ ಸಣ್ಣ ವಿಷಯವಲ್ಲ. ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ ತಂದವರು ಹತ್ತಿರದವರು. ಅಂಗಡಿ ಕೇಕು ತಂದವರು ದೂರದವರು. ಬರಿಗೈಯಲ್ಲಿ ಬಂದವರು ವಕೀಲರು. ಟ್ರೆಸಾ ಆಲೂಗಡ್ಡೆಯ ಬಿಸಿ ಪಾತ್ರೆ ಹಿಡಿದು ಚರ್ಚಿನ ನೆಲಮಾಳಿಗೆಗೆ ಇಳಿದಾಗ, ಇವಳು ಸತ್ತವಳಿಗೆ ಏನಾಗಬೇಕೆಂದು ಹೆಂಗಸರು ಮುಖಮುಖ ನೋಡಿಕೊಂಡರು.

ಏನೂ ಆಗಬೇಕಿರಲಿಲ್ಲ. ಸತ್ತವಳು ವರ್ನಾ ಸ್ಟಿಡಮ್, ಕೌಂಟಿ ಕೋರ್ಟಿನ ಶೀಘ್ರಲಿಪಿಗಾರ್ತಿ. ಕಣಿವೆಯ ವಿಚ್ಛೇದನ, ಬಡಿದಾಟ, ಕಳ್ಳತನವೆಲ್ಲ ಅವಳ ಬೆರಳುಗಳಲ್ಲಿ ಹಾದುಹೋಗಿದ್ದವು. ಒಂದೂ ಬಾಯಿಂದ ಹೊರಬಿದ್ದಿರಲಿಲ್ಲ ಎಂದು ಪಾದ್ರಿ ಹೊಗಳಿದ್ದ. ಮಗ ಜೇಸ್‌ನ ಮೇಲೆ ಟ್ರೆಸಾಳಿಗೆ ಇನ್ನು ತಾಯಿಯ ಹಕ್ಕಿಲ್ಲವೆಂದು ತೀರ್ಪಾದ ದಿನವೂ ಮಾತು ದಾಖಲಿಸುವ ಶೀಘ್ರಲಿಪಿ ಯಂತ್ರದ ಮುಂದೆ ಕೂತಿದ್ದವಳು ಅವಳೇ. ಟ್ರೆಸಾ ಮೇಲ್ಮನವಿ ಹಾಕಿದ್ದಳು. ಆದರೆ ಅಂದಿನ ಮಾತೆಲ್ಲ ಅಕ್ಷರಕ್ಕಿಳಿದು ಬರದೆ ಮೇಲಿನ ಕೋರ್ಟು ಕಡತ ಬಿಚ್ಚುವುದಿಲ್ಲ. ವರ್ನಾ ಗಡುವಿನ ಮೇಲೆ ಗಡುವು ಕೇಳುತ್ತ ಹೋದಳು. ಅಷ್ಟರಲ್ಲಿ ಜೇಸ್ ಸರ್ಕಾರ ಒಪ್ಪಿಸಿದ ಸಾಕುಮನೆಯಲ್ಲಿ ಹಾಲುಹಲ್ಲು ಉದುರಿಸಿಕೊಂಡ.

* * *

ತೀರ್ಪಾದ ಆ ದಿನ ಕೋರ್ಟಿನಲ್ಲಿ ಟ್ರೆಸಾ ತಲೆ ತಗ್ಗಿಸಿ ಮೆಲ್ಲಗೆ ಮಾತನಾಡಿದ್ದಳು. ಮಾತ್ರೆಯ ಚಟ ಬಿಟ್ಟದ್ದು, ಬಸ್ಸಿಲ್ಲದ ದಿನ ಮಗನನ್ನು ನೋಡಲು ರೈಲುಹಳಿ ಹಿಡಿದು ನಡೆದದ್ದು, ಕಿವಿ ಸವರದಿದ್ದರೆ ಅವನಿಗೆ ನಿದ್ದೆ ಬಾರದೆಂಬುದು, ಎಲ್ಲವನ್ನೂ ತನ್ನ ಮಡಿಲಿಗೆ ಹೇಳಿಕೊಳ್ಳುತ್ತಿದ್ದಳು. ನ್ಯಾಯಾಧೀಶರು ಗಡಿಯಾರ ನೋಡುತ್ತಿದ್ದರು. ವರ್ನಾ ಒಬ್ಬಳೇ ಕೈ ನಿಲ್ಲಿಸಿ ತಲೆಯೆತ್ತಿದಳು.

"ಸ್ವಲ್ಪ ಗಟ್ಟಿಯಾಗಿ ಹೇಳಮ್ಮ. ಒಂದು ಮಾತೂ ಬಿಟ್ಟುಹೋಗಬಾರದು."

ಅಲ್ಲಿಂದ ಮುಂದೆ ಟ್ರೆಸಾ ಎಲ್ಲವನ್ನೂ ಅವಳಿಗೇ ಹೇಳಿದಳು.

* * *

ನೆಲಮಾಳಿಗೆಯ ಊಟದ ಮೇಜಿನ ತುದಿಯಲ್ಲಿ ಪಕ್ಕದ ಕೌಂಟಿಯ ಶೀಘ್ರಲಿಪಿಗಾರ್ತಿ ಅರ್ಲೀನ್ ಹಂದಿಮಾಂಸ ಕತ್ತರಿಸುತ್ತಿದ್ದಳು. ವರ್ನಾ ಆಸ್ಪತ್ರೆ ಸೇರಿದಾಗ ಅವಳ ಯಂತ್ರದ ಕಾಗದದ ಸುರುಳಿಗಳನ್ನು ಅಕ್ಷರಕ್ಕಿಳಿಸಲೆಂದು ಕೋರ್ಟು ಇವಳಿಗೆ ಒಪ್ಪಿಸಿತ್ತು. ತನ್ನ ವಿಚಾರಣೆಯದು ಯಾವಾಗ ಮುಗಿಯುತ್ತದೆಂದು ಟ್ರೆಸಾ ಕೇಳಿದಳು.

"ಓದೋಕಾಗ್ತಿಲ್ಲ ಕಣಮ್ಮ. ಎಲ್ಲರೂ ಒಂದೇ ಲಿಪಿ ಕಲ್ತಿದ್ರೂ ಬರ್ತಾ ಬರ್ತಾ ಒಬ್ಬೊಬ್ಬರ ಗುರುತು ಒಂದೊಂದಾಗುತ್ತೆ. ವಕೀಲರ ಪ್ರಶ್ನೆ ಯಾವಾಗ್ಲೂ ಅದದೇ, ಅಲ್ಲೀವರೆಗೆ ಓದ್ತೀನಿ. ನಿನ್ನ ಉತ್ತರ ಬಂತು ಅಂದ್ರೆ ಬರೀ ಅವಳದೇ ಗುರುತು. ಅದೂ ಅರ್ಧರ್ಧ."

ವರ್ನಾಳ ಗಂಡ ಡೆಲ್ಮರ್ ಕಾಫಿ ಕೆಳಗಿಟ್ಟ. "ಗುರುತುಗಳ ಅರ್ಥ ಎಲ್ಲಾದ್ರೂ ಬರೆದಿಡೇ ಅಂತ ಬಡ್ಕೊಂಡೆ. ಎಲ್ಲರಿಗೂ ಓದೋಕೆ ಬಂದ್ರೆ ನನ್ನನ್ಯಾಕೆ ಇಟ್ಕೋತಾರೆ ಅಂತಿದ್ಲು. ಬೆರಳು ಮರಗಟ್ಟಿ ಸರಿಯಾಗಿ ಒತ್ತೋಕಾಗದ್ದನ್ನೂ ಯಾರಿಗೂ ಹೇಳಗೊಡಲಿಲ್ಲ."

ಕೌಂಟಿಗೆಲ್ಲ ಕಿವಿಯಾಗಿದ್ದವಳು ಗಂಡನ ಬಾಯಿಗೂ ಬೀಗ ಹಾಕಿದಳೆಂದು ಅರ್ಲೀನ್ ಗೊಣಗಿದಳು.

ಟ್ರೆಸಾ ತನ್ನ ವಕೀಲ ಹೋಬರ್ಟ್‌ನತ್ತ ತಿರುಗಿದಳು. ಬಂದದ್ದು ಬರಿಗೈಯಲ್ಲಾದರೂ ಅವನ ತಟ್ಟೆ ಭರ್ತಿಯಾಗಿತ್ತು.

"ನಾನೇ ಹೇಳ್ತೀನಿ. ಅವತ್ತು ಹೇಳಿದ್ದೆಲ್ಲ ನೆನಪಿದೆ."

"ನಿನ್ನ ನೆನಪು ದಾಖಲೆ ಆಗಲ್ಲವ್ವ," ಅಂದ ಅವನು, ಕೆಟ್ಟ ಮನಸ್ಸಿನಿಂದೇನಲ್ಲ. ಇಂಥ ಕಡೆ ಎರಡೂ ಪಕ್ಷದ ವಕೀಲರು ಕೂತು, ನೆನಪಿದ್ದಷ್ಟನ್ನು ಸಾರಾಂಶ ಬರೆದು, ನ್ಯಾಯಾಧೀಶರ ಸಹಿ ಪಡೆಯುವುದು ಪದ್ಧತಿ ಎಂದು ವಿವರಿಸಿದ.

"ನಿಮಗೆ ನೆನಪಿದೆಯಾ?"

ಹೋಬರ್ಟ್ ಮುಳ್ಳುಚಮಚವನ್ನು ಅರ್ಧದಲ್ಲೇ ನಿಲ್ಲಿಸಿ ಪ್ರಾಮಾಣಿಕವಾಗಿ ಯೋಚಿಸಿದ. "ನೀನು ತುಂಬ ಅಳ್ತಿದ್ದೆ."

"ಅಳಲಿಲ್ಲ," ಅಂದಳು ಟ್ರೆಸಾ.

ಸಾರಾಂಶ ಸಿದ್ಧವಾಗುವಷ್ಟರಲ್ಲಿ ಕಣಿವೆಯ ಮರಗಳು ಬೋಳಾಗಿದ್ದವು. ಅವಳು ಹೇಳಿದ್ದೆಲ್ಲ ಅದರಲ್ಲಿ ಒಂದು ಸಾಲು: 'ತಾಯಿಯೂ ಮಾತನಾಡಿದಳು.' ನ್ಯಾಯಾಧೀಶರು ಸಹಿ ಹಾಕಿದರು. ಮೇಲಿನ ಕೋರ್ಟು ಮೇಲ್ಮನವಿಯನ್ನು ವಜಾ ಮಾಡಿತು. ಸಾಕುಮನೆಯವರು ಜೇಸ್‌ನನ್ನು ದತ್ತು ತೆಗೆದುಕೊಂಡರು.