ಗುಡುಗಣ್ಣನ ಸೈಲೆನ್ಸರ್

ಇದು ನಮ್ಮ ಬೀದಿಯಲ್ಲೂ ಇದೆ, ನಿಮ್ಮ ಬೀದಿಯಲ್ಲೂ ಇದ್ದೀತು. ಮಗು ಆಗಷ್ಟೇ ಕಣ್ಣು ಮುಚ್ಚಿರುತ್ತದೆ. ತಿರುವಿನಲ್ಲಿ ಒಂದು ಕಾರು ಬರುತ್ತದೆ. ಕಿಟಕಿಯ ಗಾಜು ಗಡಗಡ ಎನ್ನುತ್ತದೆ, ಮಗು ಬೆಚ್ಚಿ ಅಳುತ್ತದೆ. ತಾಯಿ ಕಾರಿನವನಿಗೆ ಬಾಯಿಗೆ ಬಂದದ್ದು ಅನ್ನುತ್ತಾಳೆ. ಅವನಿಗೆ ಕೇಳುವುದಿಲ್ಲ. ತನ್ನ ಕಾರಿನ ಸದ್ದಿನಲ್ಲಿ ಅವನಿಗೆ ಬೇರೇನೂ ಕೇಳುವುದಿಲ್ಲ.

ಅಂಥ ಸದ್ದನ್ನು ಕೈಯಾರೆ ಮಾಡಿಕೊಡುತ್ತಿದ್ದವನು ಗುಡುಗಣ್ಣ. ಕಸುಬಿನಲ್ಲಿ ವೆಲ್ಡರ್. ಈ ಹೆಸರನ್ನು ಗಿರಾಕಿಗಳು ಇಟ್ಟದ್ದು, ಅವನಿಗೂ ಒಪ್ಪಿಗೆಯಾಗಿತ್ತು. ಮೊದಮೊದಲು ಬೇಡವೆನ್ನುವಂತೆ ಕೈಯಾಡಿಸುತ್ತಿದ್ದ. ಆಮೇಲಾಮೇಲೆ ಫೋನ್ ಎತ್ತಿದಾಗ ತಾನೇ ‘ಗುಡುಗಣ್ಣ’ ಎನ್ನತೊಡಗಿದ.

ಅವನ ಕೆಲಸ ಹೀಗಿತ್ತು. ಕಾರಿನ ಅಡಿಯಲ್ಲಿರುವ ಸೈಲೆನ್ಸರ್ ಡಬ್ಬದೊಳಗೆ ತೂತಿನ ಕೊಳವೆಗಳು, ಅಡ್ಡಗೋಡೆಗಳು, ನಾರಿನ ಹೊದಿಕೆ ಇರುತ್ತವೆ. ಎಂಜಿನ್‌ನ ಆರ್ಭಟ ಆ ಸುತ್ತು ದಾರಿಯಲ್ಲಿ ಅಲೆದು ಸುಸ್ತಾಗಿ, ಬರಿಯ ಉಸಿರಾಗಿ ಹೊರಬೀಳುತ್ತದೆ. ಗುಡುಗಣ್ಣ ಆ ಡಬ್ಬವನ್ನು ಕಿತ್ತು ತಾನೇ ಮಾಡಿದ ಹೊಳೆಯುವ ಡಬ್ಬ ಕೂರಿಸುತ್ತಿದ್ದ. ಅದರೊಳಗೆ ಒಂದು ನೆಟ್ಟನೆಯ ಕೊಳವೆ, ಅಷ್ಟೇ. ಆರ್ಭಟ ಬಂದ ಹಾಗೇ ಬೀದಿಗೆ ಬರುತ್ತಿತ್ತು.

ಕೊನೆಗೊಂದು ಕೆಲಸ ಉಳಿಯುತ್ತಿತ್ತು. ಅದನ್ನು ಯಾರೂ ಕೇಳುತ್ತಿರಲಿಲ್ಲ, ಅದಕ್ಕವನು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಕಂಪನಿಯ ಹಳೆ ಡಬ್ಬದ ಮೇಲೆ ಒತ್ತಿರುವ ಅನುಮೋದನೆಯ ಮುದ್ರೆಯನ್ನು ತಗಡಿನ ಸಮೇತ ಚೌಕವಾಗಿ ಕತ್ತರಿಸಿ, ತನ್ನ ಡಬ್ಬಕ್ಕೆ ಬೆಸೆದು, ಬೆಸುಗೆ ಎಲ್ಲಿದೆಯೆಂದು ಬೆರಳಿಗೂ ತಿಳಿಯದ ಹಾಗೆ ಅರದಿಂದ ಉಜ್ಜುತ್ತಿದ್ದ. ನಂಬರ್ ಪ್ಲೇಟ್ ಹೇಗೋ ಹಾಗೆ ಆ ಮುದ್ರೆಯೂ ಕಾರಿನ ಸ್ವತ್ತು, ಅದನ್ನು ಗುಜರಿಗೆ ಎಸೆಯುವುದು ಅಚ್ಚುಕಟ್ಟಲ್ಲ ಎಂದು ಅವನ ಎಣಿಕೆ. ಗಿರಾಕಿಗಳು ಬೆನ್ನು ತಟ್ಟುತ್ತಿದ್ದುದು ಸದ್ದಿಗೆ. ಅವನು ಒಳಗೊಳಗೇ ಬೀಗುತ್ತಿದ್ದುದು ಆ ಕಾಣದ ಬೆಸುಗೆಗೆ.

ಅವನ ಮಗಳು ಒಂದು ಹಳೇ ಕಾರು ಕೊಂಡಳು. ಆಸ್ಪತ್ರೆಯಿಂದ ರೋಗಿಗಳನ್ನು ಮನೆಗೆ ಬಿಡುವ ಕೆಲಸ ಅವಳಿಗೆ ಸಿಗುವುದರಲ್ಲಿತ್ತು. ಆ ಮನೆಯಲ್ಲಿ ಸ್ವಂತ ಗಾಡಿ ಓಡಿಸಿ ದುಡಿಯಹೊರಟವಳು ಅವಳೇ ಮೊದಲು. ಗಾಡಿ ತಪಾಸಣೆಯಲ್ಲಿ ಪಾಸಾಗಿ ಸರ್ಟಿಫಿಕೇಟ್ ಬಂದರೆ ಮುಂದಿನ ವಾರದಿಂದಲೇ ಕೆಲಸ. ಅಪ್ಪನಿಗೆ ಹಿಗ್ಗೋ ಹಿಗ್ಗು. ಮಗಳಿಗೆ ಏನು ಕೊಡಲಿ ಎಂದು ಬಹಳ ಯೋಚಿಸಲಿಲ್ಲ, ತನಗೆ ಬರುವುದನ್ನೇ ಕೊಟ್ಟ. ಅವಳು ಕಾರನ್ನು ಅವನ ಅಂಗಡಿಯಲ್ಲಿ ಬಿಟ್ಟು ಎಲ್ಲೋ ಹೋಗಿ ಬರುವಷ್ಟರಲ್ಲಿ ಅದರ ಅಡಿಯಲ್ಲಿ ಅವನ ಡಬ್ಬ ಫಳಫಳ ಹೊಳೆಯುತ್ತಿತ್ತು, ಮುದ್ರೆ ಸಮೇತ.

ಗುಡುಗಣ್ಣನ ತಂಗಿ ವಾಹನ ತಪಾಸಣೆ ಕೇಂದ್ರದಲ್ಲಿ ಇನ್‌ಸ್ಪೆಕ್ಟರ್. ಆ ಸಂಜೆ ಕೆಲಸ ಮುಗಿಸಿ ಬರುವಾಗ ಅಂಗಡಿ ಮುಂದೆ ನಿಂತು, ಕಾರು ಚಾಲೂ ಆದದ್ದನ್ನು ಕೇಳಿ, ಎರಡೂ ಕಿವಿ ಮುಚ್ಚಿಕೊಂಡಳು. ಇದು ಪಾಸಾಗುವುದಿಲ್ಲ ಎಂದಳು. ಗುಡುಗಣ್ಣನ ಬಳಿ ಇದಕ್ಕೆ ಜವಾಬು ತಯಾರಿತ್ತು. ಸದ್ದು ಇದ್ದರೆ ತಾನೆ ಎದುರಿನವರಿಗೆ ಗಾಡಿ ಬರುವುದು ತಿಳಿಯುವುದು ಅಂದ. ಕೊಳವೆ ನೆಟ್ಟಗಿದ್ದರೆ ಎಂಜಿನ್ನಿಗೆ ಜೋರು ಬರುತ್ತದೆ ಅಂದ. ಕೊನೆಗೆ, ಕಾಸು ನಮ್ಮದು, ಗಾಡಿ ನಮ್ಮದು, ಊರವರಿಗೇನು ಕಷ್ಟ ಅಂದ.

ತಂಗಿ ಒಂದೊಂದನ್ನೇ ಬಿಡಿಸಿ ಹೇಳಿದಳು. ಎಚ್ಚರಿಸುವುದಕ್ಕೆ ಹಾರ್ನ್ ಇದೆ, ದೀಪ ಇದೆ. ಊರೊಳಗೆ ಓಡಾಡುವ ಕಾರಿಗೆ ನೆಟ್ಟಗಿನ ಕೊಳವೆಯಿಂದ ಬರುವ ಜೋರು ಕಿವಿಗೆ ಮಾತ್ರ ಗೊತ್ತಾಗುವಂಥದ್ದು, ಚಕ್ರಕ್ಕಲ್ಲ.

“ಇನ್ನು ಗಾಡಿ ನಿನ್ನದು ಅಂದ್ಯಲ್ಲ, ಸರಿ,” ಎಂದಳು. “ರಸ್ತೆ ಯಾರದು ಅಣ್ಣ? ಆ ಕಿಟಕಿ ಹಿಂದೆ ಮಲಗಿರೋರ ಕಿವಿ ಯಾರದು?”

“ನಿಮ್ಮ ಆಫೀಸಿನ ಸದ್ದು ಅಳೆಯೋ ಮೀಟರಿಗೆ ಒಂದು ತೊಟ್ಟಿಲು ಕಟ್ಟಿಕೊಡ್ತೀನಿ ಬಿಡು. ಪಾಪ, ನಿದ್ದೆ ಮಾಡ್ಲಿ.”

ಒಳಗಿದ್ದ ಹೆಂಡತಿಗೂ ನಗು ಬಂತು. ತಂಗಿ ನಗಲಿಲ್ಲ. ಸೋದರ ಸೊಸೆಯ ಗಾಡಿಯನ್ನು ತಾನು ಪರೀಕ್ಷಿಸುವ ಹಾಗಿಲ್ಲ, ಬೇರೆಯವರು ನೋಡುತ್ತಾರೆ, ಅವರ ಹತ್ತಿರ ತಾನು ಒಂದು ಮಾತೂ ಆಡುವುದಿಲ್ಲ ಎಂದಷ್ಟೇ ಹೇಳಿ ಹೋದಳು.

ತಪಾಸಣೆ ಕೇಂದ್ರದ ಅಂಗಳದಲ್ಲಿ ಹಳದಿ ಗೆರೆಗಳಿದ್ದವು. ಮಗಳು ಅಪ್ಪನ ಕೆಲಸವನ್ನೇ ನಂಬಿ ಗೆರೆಯೊಳಗೆ ಕಾರು ನಿಲ್ಲಿಸಿದಳು. ಕನ್ನಡಕದ ಹಿರಿಯ ಇನ್‌ಸ್ಪೆಕ್ಟರ್ ಹಿಂಬದಿಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೈಕು ನಿಲ್ಲಿಸಿ, ಎಂಜಿನ್‌ನ ವೇಗ ಏರಿಸಲು ಹೇಳಿದರು. ಮೀಟರಿನ ಅಂಕಿ ಮಿತಿಯನ್ನು ದಾಟಿ ಇನ್ನೂ ಮೇಲಕ್ಕೆ ಹೋಯಿತು. ಬರಿಯ ಸದ್ದಾಗಿದ್ದರೆ ದಂಡ ಕಟ್ಟಿಸಿಕೊಂಡು, ಸರಿ ಮಾಡಿಸಿ ತಾ ಎಂದು ಕಳಿಸುತ್ತಿದ್ದರೇನೋ. ಅವರು ಬಗ್ಗಿ ಅಡಿಯಲ್ಲಿ ಟಾರ್ಚು ಬಿಟ್ಟರು. ಮುದ್ರೆ ಸರಿಯಾಗಿದೆ, ಸದ್ದು ಸರಿಯಾಗಿಲ್ಲ. ಸ್ಪ್ಯಾನರಿನಿಂದ ಡಬ್ಬವನ್ನು ತಟ್ಟಿದರು. ಖಾಲಿ ಕೊಡದ ಸದ್ದು ಬಂತು.

ಈ ಮುದ್ರೆ ಇಲ್ಲಿಗೆ ಹೇಗೆ ಬಂತು, ಯಾರು ಹಾಕಿದರು ಎಂದು ಕೇಳಿದರು. ಮಗಳು ಬಾಯಿ ಬಿಡಲಿಲ್ಲ. ಕಾರನ್ನು ಅಲ್ಲೇ ಇರಿಸಿಕೊಂಡರು. ಬರಿಗೈಯಲ್ಲಿ ಬಸ್ಸು ಹಿಡಿದು ಬಂದಳು.

ಗುಡುಗಣ್ಣನಿಗೆ ಮೊದಲು ಸಿಟ್ಟೇ ಬಂದದ್ದು. ದಂಡ ತಾನೆ, ಮುಖದ ಮೇಲೆ ಬಿಸಾಕಿ ಬರುತ್ತೇನೆ ಎಂದು ಅಂಗಿ ಹಾಕಿಕೊಂಡ. ಅಷ್ಟರಲ್ಲಿ ತಂಗಿ ಬಂದಳು. ಸುದ್ದಿ ಅವಳಿಗೂ ಮುಟ್ಟಿತ್ತು. ಅಡುಗೆಮನೆಯ ಹೊಸ್ತಿಲಲ್ಲೇ ಕೂತು, ಮೊದಲು ಅಂಗಿ ಬಿಚ್ಚು ಎಂದಳು.

“ಸದ್ದಿಗೆ ದಂಡ ಅಣ್ಣ. ಮುದ್ರೆಗೆ ದಂಡದಲ್ಲಿ ಮುಗಿಯಲ್ಲ, ಕೇಸಾಗುತ್ತೆ. ಸುಳ್ಳು ಗುರುತು ಹಾಕಿದ್ದು ಅಂತ.”

“ಸುಳ್ಳು ಎಲ್ಲಿಂದ ಬಂತು? ಅದು ಆ ಕಾರಿಂದೇ ತಗಡು. ನಾನೇನು ಬೇರೆ ಕಡೆಯಿಂದ ಕದ್ದು ತಂದ್ನಾ?”

“ಯಾವ ಕಾರಿಂದು ಅಂತ ಮುದ್ರೆ ಹೇಳಲ್ಲ. ಈ ಡಬ್ಬಾನ ಪರೀಕ್ಷೆ ಮಾಡಿದೀವಿ, ಇದು ಮಿತಿ ಮೀರಿ ಕೂಗಲ್ಲ ಅಂತ ಮಾತು ಕೊಡುತ್ತೆ. ನೀನು ಆ ಮಾತನ್ನ ಕತ್ತರಿಸಿ ತಂದು, ಕೂಗೋ ಡಬ್ಬದ ಬಾಯಿಗೆ ಅಂಟಿಸಿದ್ದೀಯ.”

ಗುಡುಗಣ್ಣ ಹಾಕಿಕೊಂಡಿದ್ದ ಅಂಗಿಯನ್ನು ಬಿಚ್ಚಿ ಮೊಳೆಗೆ ಹಾಕಿದ. ಇಷ್ಟು ವರ್ಷ ಅಚ್ಚುಕಟ್ಟೆಂದು ಮಾಡಿದ್ದು ಮೋಸದ ಕೆಲಸವಾಗಿ ತಿರುಗಿ ನೋಡುತ್ತಿತ್ತು. ಕೇಸು ಅಂದರೆ ಯಾರ ಮೇಲೆ ಎಂದು ಹೆಂಡತಿ ಕೇಳಿದಳು. ಗಾಡಿ ಯಾರ ಹೆಸರಿನಲ್ಲಿದೆಯೋ ಮೊದಲು ಅವರನ್ನೇ ಹಿಡಿಯುವುದು ಎಂದಳು ತಂಗಿ. ಹಾಕಿಕೊಟ್ಟವರನ್ನು ಬಿಡುತ್ತಾರೆ ಅಂತಲ್ಲ, ಆದರೆ ರಸ್ತೆಗೆ ಇಳಿಸಿದವರು ಉತ್ತರ ಕೊಡಲೇಬೇಕು. ಇಂಥ ಗಾಡಿ ಅಪಘಾತವಾದರೆ, ತಿಳಿಸದೆ ಬದಲಾಯಿಸಿದ್ದೀರಿ ಎಂದು ವಿಮೆಯವರೂ ತಕರಾರು ತೆಗೆಯಬಹುದು. ಆಸ್ಪತ್ರೆಯವರಂತೂ ಸರ್ಟಿಫಿಕೇಟ್ ಇಲ್ಲದ ಗಾಡಿಯನ್ನು ಗೇಟಿನೊಳಗೆ ಬಿಡುವುದಿಲ್ಲ.

ಮಗಳು ಗೋಡೆಗೊರಗಿ ಕೂತಿದ್ದಳು. “ಒಂದು ದಾರಿ ಇದೆ ಅಪ್ಪ,” ಎಂದಳು. “ಹಳೇ ಕಾರಲ್ವಾ. ನಾನು ತಗೊಂಡಾಗಲೇ ಹೀಗಿತ್ತು, ಯಾರು ಮಾಡಿದ್ದೋ ಗೊತ್ತಿಲ್ಲ ಅಂದ್ಬಿಡ್ತೀನಿ. ನಿನ್ನ ಹೆಸರೇ ಬರಲ್ಲ.”

ತಂಗಿ ಎದ್ದು ನಿಂತಳು. ಇಂಥದ್ದನ್ನು ತನ್ನ ಮುಂದೆ ಮಾತಾಡಬೇಡಿ ಎಂದು ಹೊರಗೆ ಹೋಗಿ ಜಗಲಿಯಲ್ಲಿ ಕೂತಳು.

ಗುಡುಗಣ್ಣನಿಗೆ ಎರಡು ಕಡೆಯಿಂದಲೂ ಚುಚ್ಚಿತು. ಮಗಳು ತನಗಾಗಿ ಸುಳ್ಳು ಹೇಳಲು ಹೊರಟದ್ದು ಒಂದು. ಇನ್ನೊಂದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಆ ಬೆಸುಗೆ ಯಾರೋ ಊರು ಹೆಸರಿಲ್ಲದವನದಾಗಿ ಹೋಗುವುದನ್ನು ಅವನಿಗೆ ತಡೆಯಲಾಗಲಿಲ್ಲ. ಮನುಷ್ಯನ ಜಂಬವೂ ಒಮ್ಮೊಮ್ಮೆ ಅವನನ್ನು ಸರಿಯಾದ ಬಾಗಿಲಿಗೇ ಕರೆದುಕೊಂಡು ಹೋಗುತ್ತದೆ. ಬೇಡ ಪುಟ್ಟಾ, ಬೆಳಿಗ್ಗೆ ನಾನೂ ಬರ್ತೀನಿ ಅಂದ.

ಬೆಳಿಗ್ಗೆ ಅಂಗಳದಲ್ಲಿ ಕನ್ನಡಕದವರಿಗೆ, ಇವಳು ನನ್ನ ಮಗಳು, ಇದು ನನ್ನ ಕೆಲಸ, ಇವಳನ್ನು ಕೇಳದೆ ಮಾಡಿದ್ದು ಎಂದ. ಅವರು ನಂಬಲಿಲ್ಲ. ಮಗಳನ್ನು ಉಳಿಸಲು ತಪ್ಪು ತಲೆಯ ಮೇಲೆ ಹಾಕಿಕೊಳ್ಳುವ ಅಪ್ಪಂದಿರನ್ನು ಅವರು ಬೇಕಾದಷ್ಟು ನೋಡಿದ್ದರು. ಬೆಸುಗೆ ಎಲ್ಲಿದೆ ತೋರಿಸಿ ಎಂದರು.

ಗುಡುಗಣ್ಣ ಅಂಗಾತ ಮಲಗಿ ಕಾರಿನಡಿ ಸರಿದ. ಅವರೂ ಟಾರ್ಚು ಹಿಡಿದು ಪಕ್ಕದಲ್ಲಿ ಮಲಗಿದರು. ಇಬ್ಬರ ನಾಲ್ಕು ಕಾಲುಗಳು ಹೊರಗಿದ್ದವು. ಮುದ್ರೆಯ ಸುತ್ತ ಅವನು ಉಗುರಿನಿಂದ ಚೌಕ ಬರೆದು ತೋರಿಸಿದ.

“ನಿನ್ನೆ ನಾನೂ ಹುಡುಕಿದ್ದೆ,” ಎಂದರು ಇನ್‌ಸ್ಪೆಕ್ಟರ್. “ಸಿಗಲೇ ಇಲ್ಲ.”

ಗುಡುಗಣ್ಣನ ಎದೆ ಉಬ್ಬಿತು. ಇಷ್ಟು ವರ್ಷಕ್ಕೆ ಆ ಬೆಸುಗೆಯನ್ನು ಹೊಗಳಿದವರು ಇವರೊಬ್ಬರೇ. ಹೊಗಳಿದ್ದು ಎಂಥ ಜಾಗದಲ್ಲಿ ಎಂದು ಹೊಳೆದದ್ದು ಆಮೇಲೆ. ಕಾರಿನಡಿಯ ಕತ್ತಲಲ್ಲೇ ಅವನ ಮುಖ ಬಿಸಿಯಾಯಿತು.

ಇಂಥವು ಇನ್ನೆಷ್ಟು ಗಾಡಿಯಲ್ಲಿವೆ ಎಂದು ಅವರು ಕೇಳಿದರು. ಲೆಕ್ಕ ಇಟ್ಟಿಲ್ಲ ಸಾರ್, ಆದರೆ ಊರಿನಲ್ಲಿ ಎಲ್ಲಿ ಹೋದರೂ ನನ್ನ ಕೊಳವೆಯ ಸದ್ದು ನನಗೆ ಗೊತ್ತಾಗುತ್ತದೆ ಎಂದ. ಹಾಗಾದರೆ ಹುಡುಕಿ ಕಳಚಿ ಎಂದರು. ಅವನಿಗೆ ದಂಡ ಹಾಕಿ, ಇನ್ನು ಈ ಕೆಲಸ ಮಾಡುವುದಿಲ್ಲವೆಂದು ಬರೆಸಿಕೊಂಡರು. ತಾನಾಗಿ ಬಂದು ಹೇಳಿದ್ದರಿಂದ ಕೋರ್ಟಿನವರೆಗೆ ಹೋಗಲಿಲ್ಲ, ಸೈಲೆನ್ಸರ್ ಬದಲಿಸಿ ಮತ್ತೆ ತನ್ನಿ ಎಂದು ಕಾರನ್ನೂ ಬಿಟ್ಟುಕೊಟ್ಟರು. ಎಲ್ಲರಿಗೂ ಹೀಗೇ ಆಗುತ್ತದೆಂದು ಹೊರಗೆ ಸಾರಬೇಡಿ ಎಂದೂ ಎಚ್ಚರಿಸಿದರು.

ಮಗಳ ಕಾರಿಗೆ ಹೊಸ ಸೈಲೆನ್ಸರ್ ತಂದದ್ದು ಬಿಡಿಭಾಗಗಳ ಅಂಗಡಿಯಿಂದ. ಅದರ ಮುದ್ರೆ ಅದರದ್ದೇ. ಗುಡುಗಣ್ಣನಿಗೆ ಮಾಡಲು ಉಳಿದದ್ದು ಜೋಡಿಸುವ ಕೆಲಸ ಮಾತ್ರ. ಅದರಲ್ಲೇ ಅವನು ತನ್ನ ಕೈಚಳಕವನ್ನೆಲ್ಲ ಸುರಿದ. ತುಕ್ಕು ಹಿಡಿದಿದ್ದ ಕ್ಲಾಂಪುಗಳನ್ನು ಬದಲಿಸಿದ, ಒಣಗಿದ ರಬ್ಬರು ಬಿಸಾಡಿ ಹೊಸದು ಹಾಕಿದ, ಸಂದಿನಲ್ಲಿ ಸೂಜಿಯಷ್ಟು ಗಾಳಿ ಸೋರಿದರೂ ಬಿಚ್ಚಿ ಮತ್ತೆ ಕೂರಿಸಿದ. ಸದ್ದು ಮಾಡುವುದು ಸುಲಭವಿತ್ತು, ಡಬ್ಬ ಖಾಲಿ ಮಾಡಿದರಾಯಿತು. ಸದ್ದು ಅಡಗಿಸುವುದಕ್ಕೆ ಕೆಲಸ ಗೊತ್ತಿರಬೇಕು ಎಂದು ಆ ದಿನ ಅವನಿಗೇ ಅನ್ನಿಸಿತು.

ಮರುಪರೀಕ್ಷೆಯಲ್ಲಿ ಅಂಕಿ ಮಿತಿಗಿಂತ ಎಷ್ಟೋ ಕೆಳಗೆ ನಿಂತಿತು. ಕನ್ನಡಕದವರು ಮೀಟರನ್ನು ಅವನತ್ತ ತಿರುಗಿಸಿ ಹಿಡಿದರು. ಅವನು ಅದನ್ನು, ಮಗುವಿನ ಅಂಕಪಟ್ಟಿ ನೋಡುವ ಹಾಗೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

ಆಮೇಲಿನ ದಿನಗಳಲ್ಲಿ ಗುಡುಗಣ್ಣ ಸಂಜೆ ಹೊತ್ತು ದೊಡ್ಡ ರಸ್ತೆಯ ತಿರುವಿನಲ್ಲಿ ಕಿವಿಯಾನಿಸಿ ನಿಲ್ಲುತ್ತಿದ್ದ. ತನ್ನ ಸದ್ದು ದೂರದಲ್ಲಿ ಕೇಳಿದರೆ ಕೈ ಅಡ್ಡ ಹಾಕುತ್ತಿದ್ದ. ಕಂಪನಿಯ ಹಾಗೇ ಮಾಡಿಕೊಡ್ತೀನಿ, ಕೂಲಿ ಬೇಡ ಅನ್ನುತ್ತಿದ್ದ. ಕೆಲವರು ಬಂದರು. ಒಬ್ಬ ಹಳೇ ಗಿರಾಕಿ ಮಾತ್ರ ಎಂಜಿನ್ ಆರಿಸದೆ ಕಿಟಕಿಯಿಂದ ತಲೆ ಹಾಕಿ, ಏನು ಗುಡುಗಣ್ಣ, ಇಷ್ಟು ಬೇಗ ಮೆತ್ತಗಾಗಿಬಿಟ್ಟೆ ಎಂದು ಕುಟುಕಿದ.

“ಮೆತ್ತಗಾಗಿರೋದು ನಾನಲ್ಲಪ್ಪ, ನನ್ನ ಮಗಳ ಕಾರು,” ಎಂದ ಗುಡುಗಣ್ಣ. “ಹಂಗೆ ಮಾಡೋಕೆ ಈ ಊರಲ್ಲಿ ಯಾರಿಗೆ ಬರುತ್ತೆ ಹೇಳು ನೋಡೋಣ.”

ಆ ಗಿರಾಕಿ ಆವತ್ತು ನಕ್ಕು ಹೋದ. ವಾರ ಕಳೆದ ಮೇಲೆ ತಾನಾಗಿಯೇ ಗಾಡಿ ತಂದು ನಿಲ್ಲಿಸಿದ.

ಆಸ್ಪತ್ರೆಯಲ್ಲಿ ಮಗಳ ಮೊದಲ ದಿನ ಅಪ್ಪ, ಅಮ್ಮ, ಅತ್ತೆ ಮೂವರೂ ಗೇಟಿನಾಚೆ ನಿಂತಿದ್ದರು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಅಜ್ಜಿಯನ್ನು ದಾದಿ ತಂದು ಹಿಂದಿನ ಸೀಟಿನಲ್ಲಿ ಒರಗಿಸಿದಳು. ಸಣ್ಣ ಸದ್ದಿಗೂ ಇವರಿಗೆ ತಲೆ ಸಿಡಿಯುತ್ತದೆ, ನೋಡಿಕೊಂಡು ಹೋಗಮ್ಮ ಎಂದಳು. ಅಜ್ಜಿ ಕಣ್ಣು ಮುಚ್ಚಿದರು. ಕಾರು ಅಂಗಳ ದಾಟಿತು, ಗೇಟು ದಾಟಿತು. ಮೂವರ ಮುಂದೆ ನಿಧಾನವಾಗಿ ತಿರುಗುವಾಗ ತೆರೆದ ಕಿಟಕಿಯಿಂದ ಅಜ್ಜಿಯ ಮಾತು ಕೇಳಿಸಿತು.

“ಯಾಕಮ್ಮ, ಇನ್ನೂ ಗಾಡಿ ಶುರು ಮಾಡ್ಲಿಲ್ವಾ?”

ಮಗಳು ಸ್ಟಿಯರಿಂಗ್ ಹಿಡಿದೇ ಅಪ್ಪನತ್ತ ನೋಡಿದಳು. ಗುಡುಗಣ್ಣನಿಗೆ ಜೀವಮಾನದಲ್ಲಿ ಸಿಕ್ಕಿದ ಹೊಗಳಿಕೆಯಲ್ಲೆಲ್ಲ ಅದೇ ದೊಡ್ಡದು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಕತ್ತು ನಿಗುರಿಸಿಕೊಂಡು ನಿಂತೇ ಇದ್ದ.

ಓದಿದವರೇ, ಕೇಳಿದವರೇ, ಈಗ ಎದ್ದು ನಿಮ್ಮ ಗಾಡಿಯ ಹಿಂದೆ ಹೋಗಿ ನಿಲ್ಲಿ. ಅದು ಕಾರಾಗಲಿ, ಬೈಕಾಗಲಿ. ಅದರ ಸೈಲೆನ್ಸರ್ ಮೇಲೆ ಅನುಮೋದನೆಯ ಮುದ್ರೆ ಇದೆಯೇ, ಆ ಮುದ್ರೆ ಅದಕ್ಕೇ ಸೇರಿದ್ದೇ ನೋಡಿ. ಹಳೇ ಗಾಡಿ ಕೊಳ್ಳುವಾಗಲೂ ಬಗ್ಗಿ ನೋಡಿ. ಆಮೇಲೆ ಗೊತ್ತಿರಲಿಲ್ಲ ಎಂದರೆ ಯಾರೂ ಕೇಳುವುದಿಲ್ಲ. ಒಳಗಿನ ಕೊಳವೆ ಕೀಳಿಸಬೇಡಿ. ಬೇರೆ ಹಾಕಿಸುವ ಆಸೆಯಿದ್ದರೆ ಮೊದಲು ನಿಮ್ಮೂರಿನ ಸಾರಿಗೆ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳಿ. ಮೆಕ್ಯಾನಿಕ್ ಅಣ್ಣಂದಿರೇ, ಗಿರಾಕಿ ಎಷ್ಟೇ ಗೋಗರೆದರೂ ಆಗುವುದಿಲ್ಲ ಎನ್ನಿ. ನಿಮ್ಮ ಕೈಯಲ್ಲಿ ಕೆಲಸವಿದೆಯೆಂದು ಊರಿಗೆ ಗೊತ್ತಾಗಬೇಕಾದರೆ ಅದು ಸದ್ದಿನಿಂದಲೇ ಆಗಬೇಕೆಂದಿಲ್ಲ. ನಿಮ್ಮ ಬೀದಿಯಲ್ಲೂ ಇವತ್ತು ಯಾರೋ ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದಾರೆ. ಅವರು ಮಲಗಿರಲಿ.