ಒಂದೇ ಕೂಗಿಗೆ ಬಂದವನು

ವೀರನಹೊಸಹಳ್ಳಿಯಲ್ಲಿ ಹೊಲಗಳಿಗೆ ಆನೆ ಬಾರದಂತೆ ಕಾವಲು ಕಾಯುವ ಮಾದೇವ, ರಕ್ತದ ಕ್ಯಾನ್ಸರಿನಿಂದ ಬದುಕಿ ಬಂದಿದ್ದೇ ದೊಡ್ಡ ಸಂಗತಿ. ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ತಂಗಿಯಿಂದ ತೆಗೆದು ಅವನ ಮೈಗೆ ಇಳಿಸಿ, ನಡುವೆ ಸೋಂಕು ಹತ್ತಿಕೊಂಡಾಗ ಬಲವಾದ ಇಂಜೆಕ್ಷನ್ ಕೊಟ್ಟು ಡಾಕ್ಟರು ಜೀವ ಉಳಿಸಿದ್ದರು. ಆ ಇಂಜೆಕ್ಷನ್ನು ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಡಾಕ್ಟರೇ ಬರೆದುಕೊಟ್ಟರೂ ಊರು ನಂಬಲಿಲ್ಲ. "ರಕ್ತಾನೇ ಹೊಸ್ದಂತೆ, ಕಿವಿ ಮಾತ್ರ ಎಂಗ್ಲಾ ಕೆಡ್ತದೆ?" ಎಂದು ಅವನನ್ನೇ ಕೇಳುವರು. ಅವನಿಗೆ ಕೇಳಿಸಿದರೆ ತಾನೆ ಉತ್ತರ ಕೊಡುವುದು!

ರೈತರ ಸಂಘದ ಸಣ್ಣಬೀರಯ್ಯ ನಂಬಿದ, ಅದೂ ಅರ್ಧ. ಜೋಳ ತೆನೆಗಟ್ಟಿತ್ತು. ಅಟ್ಟಣೆ ಮೇಲೆ ಕೂತವನಿಗೆ ಕೊಂಬೆ ಮುರಿಯುವ ಸದ್ದು ಕೇಳದಿದ್ದರೆ ಹೊಲವೂ ಇಲ್ಲ, ಅವನೂ ಇಲ್ಲ. ಸೋಮವಾರದೊಳಗೆ ಕಿವಿಗೆ ಮಿಷನ್ ಹಾಕಿಸಿಕೊಂಡು ಬಾ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದ. ಮಾದೇವನ ಹೆಂಡತಿ ಚೆಲುವಮ್ಮ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು. ಆ ಮನೆಯಲ್ಲಿ ಈಗ ಜಗಳವೂ ಬರವಣಿಗೆಯಲ್ಲೇ.

ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕರ್ಣಾಮೃತ ಟ್ರಸ್ಟಿನವರು ಕಿವುಡರಿಗೆ ಉಚಿತ ಮಿಷನ್ ಹಂಚುತ್ತಿದ್ದರು. ಬಾಗಿಲಲ್ಲಿ ನಿಂತ ಸ್ವಯಂಸೇವಕ ಯತೀಶ್ ಒಂದೊಂದು ಹೆಸರನ್ನೂ ಗಂಟಲು ಹರಿಯುವಂತೆ ಮೂರು ಸಲ ಕೂಗುವನು. ಬಾರದವರ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆಯುವನು. ಗೈರುಹಾಜರಾದವರೆಲ್ಲ ಅವನ ಕಣ್ಣೆದುರೇ ಕುರ್ಚಿಗಳಲ್ಲಿ ಕೂತು ಟ್ರಸ್ಟಿನ ಉಪ್ಪಿಟ್ಟು ತಿನ್ನುತ್ತಿದ್ದರು. ಇಂಥ ಬುದ್ಧಿವಂತಿಕೆಗೆ ಏನನ್ನೋಣ!

ಚೆಲುವಮ್ಮ ಜೊತೆಗಿದ್ದಳು. ಗಂಡನ ಹೆಸರು ಕೂಗಿದ ಕೂಡಲೇ ಬೆನ್ನಿಗೊಂದು ಗುದ್ದಿದಳು. ಮಾದೇವ ಎದ್ದು ಓಡಿದ. ಯತೀಶ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಒಂದೇ ಕೂಗಿಗೆ ಬಂದ್ರಲ್ಲ ಯಜಮಾನ್ರೇ!" ಅಂದು ಚೀಟಿ ಬರೆದ: 'ಕಿವಿ ಸರಿಯಿದೆ.' ಚೆಲುವಮ್ಮ ಎಷ್ಟು ಬಾಯಿ ಮಾಡಿದರೂ, "ಟೆಸ್ಟ್ ಮುಗೀತು ಕಣಮ್ಮ" ಅಂದು ಮುಂದಿನ ಹೆಸರು ಕೂಗಿದ.

ಸೋಮವಾರ ಸಣ್ಣಬೀರಯ್ಯ ಚೀಟಿ ಓದಿ ಖುಷಿಯಾದ. ಅದಕ್ಕೆ ಸೀಲು ಬೇರೆ ಇತ್ತು. "ಮಿಷನ್ನೇ ಬ್ಯಾಡ್ವಂತಲ್ಲ! ಓಗು, ಅಟ್ಟಣೆ ಅತ್ಕೊ" ಅಂದ.

ಕ್ಯಾನ್ಸರಿಗೇ ಗಂಡನನ್ನು ಬಿಟ್ಟುಕೊಡದವಳು ಆನೆಗೆ ಬಿಡುತ್ತಾಳೆಯೆ? ಚೆಲುವಮ್ಮನೂ ಅಟ್ಟಣೆ ಹತ್ತಿದಳು. ಕಂಡವರು ಹೊಸ ಜೋಡಿ ಎಂದು ಕಿಚಾಯಿಸಿದರು. ಮೂರನೇ ದಿನ ಬೆಳಗಿನ ಮಂಜಿನಲ್ಲಿ ಎಲ್ಲೋ ಬಿದಿರು ಲಟಕ್ಕೆಂದಿತು. ಅವಳು ಅವನ ತೋಳು ಹಿಂಡಿದಳು. ಅವನು ಡಬ್ಬ ಬಡಿದ, ಪಟಾಕಿ ಹಚ್ಚಿದ. ಐದು ಆನೆಗಳು ಕಾಡಿಗೆ ವಾಪಸಾದವು.

ಸಣ್ಣಬೀರಯ್ಯ ಏದುಸಿರು ಬಿಡುತ್ತಾ ಓಡಿಬಂದ. "ಏನ್ ಕಿವಿಲಾ ನಿಂದು, ಮಾದೇವ! ಆ ಚೀಟಿ ಸುಳ್ಳೇಳಲ್ಲ ಬುಡು" ಅಂದ. ಅಟ್ಟಣೆಯ ಮೇಲೆ ಇನ್ನೊಬ್ಬಳು ಕೂತಿರುವುದು ಅವನ ಕಣ್ಣಿಗೇ ಬೀಳಲಿಲ್ಲ. ಚೆಲುವಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಏನಂತೆ?" ಮಾದೇವ ಹೆಂಡತಿಯನ್ನು ಕೇಳಿದ.

ಚೆಲುವಮ್ಮ ಪೆನ್ನು ಒತ್ತಿ ಒತ್ತಿ ಬರೆದಳು: "ನಾಳೆಯಿಂದ ಕಾವ್ಲಿಗೆ ನಾನೊಬ್ಳೇ ಬತ್ತೀನಿ. ನೀನು ಮನೇಲಿ ಅಡುಗೆ ಮಾಡು."

ಮಾದೇವ ಎರಡು ಸಲ ಓದಿದ. ನೋಟ್‌ಬುಕ್ಕು ಮಡಚಿ ಅವಳ ಕೈಗಿಟ್ಟ. ಆಮೇಲೆ, "ಸಾರಿಗೆ ಉಪ್ಪು ಎಷ್ಟಾಕ್ಬೇಕು?" ಅಂದ.