ಪಾಯಸ ಬಡಿಸಿದ ಎಲೆ

ತ್ರಿಪುರಸುಂದರಿ ಟೀಚರ್ ಮಕ್ಕಳಿಗಾಗಿ ಬರೆದ ದೆವ್ವದ ಕಾದಂಬರಿಯನ್ನು ಶಿರ್ತಾಡಿಯಿಂದ ಚಾರ್ಮಾಡಿಯವರೆಗೆ ಹುಡುಗರು ಹೆದರಿಕೊಂಡೇ ಓದಿ ಮುಗಿಸಿದ್ದರು. ಅದರ ದೆವ್ವ ಮಾತ್ರ ಕಟ್ಟುಕತೆಯಲ್ಲ. ಅದು ಟೀಚರ ತರಗತಿಯಲ್ಲೇ ಕೂತಿದ್ದ ದಿವಿತಾ. ಫರಂಗಿಪೇಟೆಯ ಹತ್ತಿರ ಹೊಳೆಗೆ ಬಿದ್ದು ಸತ್ತವಳು. ಪುಸ್ತಕದಲ್ಲೂ ಹೆಸರು ಹಾಗೆಯೇ ಇರಲಿ ಎಂದಿದ್ದವಳು ತಾಯಿ ಕಾಂತಿ. ಪುಸ್ತಕವನ್ನು ದೇವರ ಪಟದ ಪಕ್ಕ ಇಟ್ಟಿದ್ದಳು, ಓದುವ ಧೈರ್ಯವಾಗಿರಲಿಲ್ಲ.

ಈಗ ಮೂಡುಬಿದಿರೆಯಲ್ಲಿ ಅದು ನಾಟಕ. ನಿರ್ದೇಶಕ ಲತೇಶ್ ಕೊನೆಯ ದೃಶ್ಯಕ್ಕೆ ಊರಿನ ಕ್ರಮವನ್ನೇ ತಂದಿದ್ದ: ಸತ್ತವರಿಗೆ ಎಲೆ ಹಾಕಿ ಬಡಿಸಿ, ಕರೆದು, ಬಾಗಿಲು ಮುಚ್ಚಿ, ಅವರು ಬಂದು ಉಣ್ಣುವವರೆಗೆ ಮನೆಯವರು ಹೊರಗೆ ಕಾಯುವುದು. ಕಾದಂಬರಿಯ ದೆವ್ವ ಪಾಯಸ ಉಂಡು, ಇನ್ನೆಂದೂ ಬರುವುದಿಲ್ಲವೆಂದು ಹೇಳಿ ಹೋಗುತ್ತದೆ.

ಪ್ರದರ್ಶನಕ್ಕೆ ಮೊದಲು, ಎಲೆಗೆ ಬಡಿಸುವುದೇನೆಂದು ಯಾರಿಂದಲೋ ಕೇಳಿದ್ದ ಕಾಂತಿ ಸ್ಟೀಲಿನ ಡಬ್ಬಿ ಹಿಡಿದು ರಂಗದ ಹಿಂದೆ ಬಂದಳು.

"ಪಾಯಸವಾ ಟೀಚರ್? ಅವಳು ಸಿಹಿ ಬಾಯಿಗೇ ಹಾಕ್ತಿರ್ಲಿಲ್ಲ. ಒಣಮೀನಿನ ಚಟ್ನಿ ತಂದಿದ್ದೇನೆ, ಸ್ವಲ್ಪ ಎಲೆಗೆ ಹಾಕಿ. ನೀರಿಗೆ ಹೋಗುವಾಗ ಹಸಿದುಕೊಂಡು ಹೋದವಳು. ಅವಳು ಉಣ್ಣುವುದು ನನಗೆ ಕಾಣ್ಬೇಕು."

ಟೀಚರ ಮುಖ ಸಣ್ಣದಾಯಿತು. ಮೀನು ಅವರ ಅಡುಗೆಮನೆಯ ಹೊಸ್ತಿಲು ತುಳಿದದ್ದಿಲ್ಲ. ಮಗುವಿಗೆ ಇಷ್ಟವಾದದ್ದು ಎಂದಾಗ ಪೆನ್ನು ತನ್ನಷ್ಟಕ್ಕೆ ಪಾಯಸ ಬರೆದಿತ್ತು. ತಾಯಿಯನ್ನು ಒಂದು ಮಾತು ಕೇಳಬೇಕೆಂದೂ ತೋಚಿರಲಿಲ್ಲ. ಆದರೆ ರಂಗದ ಮೇಲೆ ಗಣಪತಿಯ ಫೋಟೋ, ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಅತಿಥಿಗಳು. ಯಾರಾದರೂ ಏನಾದರೂ ಅಂದರೆ?

"ಇದು ನಾಟಕ ಅಲ್ವಾ ಕಾಂತಕ್ಕ? ಬೇಸರ ಮಾಡ್ಬೇಡಿ."

ಕಾಂತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತಳು.

ಕೊನೆಯ ದೃಶ್ಯದಲ್ಲಿ ದಿವಿತಾಳ ಪಾತ್ರದ ಹುಡುಗಿ ಎಲೆಯ ಮುಂದೆ ಕೂತು ಪಾಯಸ ಉಂಡಳು. "ಹೊಟ್ಟೆ ತುಂಬಿತು ಅಮ್ಮಾ. ಇನ್ನು ಬರುವುದಿಲ್ಲ" ಎಂದಳು. ಅತಿಥಿಗಳು ಕಣ್ಣೊರೆಸಿಕೊಂಡರು, ಸಭೆ ಚಪ್ಪಾಳೆ ತಟ್ಟಿತು. ಪಕ್ಕದ ಪರದೆಯ ಸಂದಿನಿಂದ ಟೀಚರಿಗೆ ಕಂಡದ್ದು ಕಾಂತಿ ಒಬ್ಬಳೇ. ಅವಳು ಎದ್ದು ನಿಂತಿದ್ದಳು, ಯಾರನ್ನೋ ತಡೆಯುವವಳ ಹಾಗೆ ಕೈ ಮುಂದೆ ಚಾಚಿಕೊಂಡು.

ಎಲ್ಲರೂ ಹೋದ ಮೇಲೆ ಟೀಚರ್ ಕಾಂತಿಯ ಕೈಯಿಂದ ಡಬ್ಬಿಯನ್ನು ತಾವೇ ತೆಗೆದುಕೊಂಡರು. ರಂಗದ ಮೇಲೆ ಹೊಸ ಎಲೆ ಹಾಕಿದರು. ಹುಟ್ಟಿದಂದಿನಿಂದ ಮೀನು ಮುಟ್ಟದ ಕೈಯಿಂದ ಚಟ್ನಿ ಬಡಿಸಿದರು.

"ಬನ್ನಿ ಕಾಂತಕ್ಕ, ನೀವು ಕರೆಯಿರಿ. ಬಾಗಿಲು ಹಾಕಿ ಹೊರಗೆ ನಿಲ್ಲುವ."

ಕಾಂತಿ ಎಲೆಯನ್ನು ನೋಡಿದಳು.

"ಯಾರನ್ನು ಕರೆಯುವುದು ಟೀಚರ್? ಇಷ್ಟು ಜನರ ಎದುರು, ಇನ್ನು ಬರುವುದಿಲ್ಲ ಅಂತ ಅವಳ ಬಾಯಲ್ಲೇ ಹೇಳಿಸಿ ಆಯ್ತಲ್ಲ."

ಖಾಲಿ ಡಬ್ಬಿಗೆ ಮುಚ್ಚಳ ಹಾಕಿಕೊಂಡು ಅವಳು ಬಸ್ಸಿಗೆ ಹೊರಟಳು.